ಮುಂದಿನ ತಲೆಮಾರು ಬರುವಷ್ಟರಲ್ಲಿ

ಜನವರಿ ೧೬, ೨೦೨೨

ಮಾತ್ರೆರಾಯರಿಗೆ,

ಇನ್ನು ಮುಂದೆ ನಿನಗೆ ಕಾಗದ ಬರೆಯುವುದು ಎಂದು ತೀರ್ಮಾನಿಸಿದ್ದೇನೆ. ಮೆಸೇಜಿನಲ್ಲಿ ನಾವು ಗಂಡ ಹೆಂಡತಿ ಆಡುವುದು ಎರಡೇ ಮಾತು, ‘ಊಟ ಆಯ್ತಾ’, ‘ಆಯ್ತು’. ಫೋನು ಮಾಡಿದರೆ ನೀನು ‘ಏನು? ಏನಂದೆ?’ ಅನ್ನುತ್ತೀಯ, ನನಗೆ ರೇಗಿ ಇಟ್ಟುಬಿಡುತ್ತೇನೆ. ಹೋದ ಭಾನುವಾರವೂ ಹಾಗೇ ಇಟ್ಟೆ. ನಿನ್ನ ಎಡಗಿವಿ ಕೈಕೊಟ್ಟಿರುವುದು ಗೊತ್ತಿದ್ದೂ ರೇಗಿದೆನಲ್ಲ ಎಂದು ಆಮೇಲೆ ದಿನವೆಲ್ಲ ಮನಸ್ಸು ಕೆಟ್ಟಿತ್ತು. ಕಾಗದದಲ್ಲಾದರೆ ನಾನು ಎಷ್ಟೇ ರೇಗಲಿ, ನಿನಗೆ ತಲುಪುವಷ್ಟರಲ್ಲಿ ತಣ್ಣಗಾಗಿರುತ್ತೇನೆ.

ವಿಷಯಕ್ಕೆ ಬರುತ್ತೇನೆ. ನಾನು ಈ ದೂರದೇಶಕ್ಕೆ ಬಂದ ಕೆಲಸ ಮುಗಿಯಿತು. ನಮ್ಮ ಪ್ರೊಸೆಸರ್ ಚಿಪ್ ಇರುವ ಫೋನು ಅಂಗಡಿಗೆ ಬಂದಿದೆ. ‘ಹಿಂದಿನದಕ್ಕಿಂತ ಶೇಕಡ ಇಪ್ಪತ್ತು ವೇಗ’ ಎಂದು ಊರ ತುಂಬ ಬೋರ್ಡು ಹಾಕಿದ್ದಾರೆ. ಆ ಇಪ್ಪತ್ತರಲ್ಲಿ ನಿನ್ನದೆಷ್ಟು ಎಂದು ಕೇಳಬೇಡ. ಒಂದು ಮೂಲೆಯಲ್ಲಿ ಕರೆಂಟು ಪೋಲಾಗುತ್ತಿತ್ತು, ಅದನ್ನು ನಿಲ್ಲಿಸಿದೆ. ಒಪ್ಪಂದದ ಪ್ರಕಾರ ನಾನು ಈಗ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೊರಡಬೇಕು.

ಆದರೆ ಒಂದು ಯೋಚನೆ ತಲೆಗೆ ಹೊಕ್ಕಿದೆ. ಎದುರಿನವರು ಆಡಿದ್ದನ್ನು ಅಕ್ಷರ ಮಾಡಿ ತೋರಿಸಲಿ ಎಂದು ಔಷಧಿ ಅಂಗಡಿಯ ಕೌಂಟರಿನ ಮೇಲೆ ಒಂದು ಫೋನು ಇಟ್ಟುಕೊಂಡಿದ್ದೀಯಲ್ಲ, ಅದು ನಿಧಾನ ಯಾಕೆ ಗೊತ್ತಾ? ಅದು ತಾನಾಗಿ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಮಾತನ್ನು ಎಲ್ಲೋ ದೂರದ ದೊಡ್ಡ ಕಂಪ್ಯೂಟರಿಗೆ ಸಾಗಹಾಕಿ, ಉತ್ತರ ಬರುವವರೆಗೆ ಬಾಯಿ ಬಿಟ್ಟುಕೊಂಡು ಕೂತಿರುತ್ತದೆ. ಮುಂದಿನ ತಲೆಮಾರಿನ ಚಿಪ್‌ನಲ್ಲಿ ಆ ಕೆಲಸ ಫೋನಿನೊಳಗೇ, ಆಡಿದ ಕೂಡಲೇ ಆಗಬೇಕು ಎಂದು ಇಲ್ಲಿ ಮಾತು ನಡೆದಿದೆ. ನಾನು ಉಳಿದರೆ ಆ ಭಾಗ ನನ್ನ ಕೈಗೆ ಬರುತ್ತದೆ.

ಉಳಿಯುವುದು ಎಂದರೆ ಇನ್ನೂ ಒಂದು ತಲೆಮಾರು, ಸುಮಾರು ಎರಡು ವರ್ಷ. ಇಲ್ಲಿ ಯಾರೂ ವರ್ಷ ಅನ್ನುವುದಿಲ್ಲ, ತಲೆಮಾರು ಎಂದೇ ಅನ್ನುವುದು. ಒಬ್ಬಳ ಕೂದಲು ಯಾವಾಗ ನೆರೆಯಿತು ಎಂದು ಕೇಳಿದರೆ ‘ಹೋದ ತಲೆಮಾರಿನಲ್ಲಿ’ ಎನ್ನುತ್ತಾಳೆ. ಉಳಿಯಲೋ, ಬರಲೋ? ನೀನು ಹೇಳಿದ ಹಾಗೆ.

ನಿನ್ನ
ಗಡಿಬಿಡಿ


ಫೆಬ್ರವರಿ ೯, ೨೦೨೨

ಗಡಿಬಿಡಿಗೆ,

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಜನ ನಿಂತಿದ್ದರು. ಎಲ್ಲರ ಎದುರು ಒಡೆಯಲು ನಾಚಿಕೆಯಾಗಿ ಕೆಮ್ಮಿನ ಔಷಧಿ ಬಾಟಲಿಗಳ ಹಿಂದೆ ಇಟ್ಟೆ. ಸಂಜೆಯವರೆಗೆ ಯಾರು ಕೆಮ್ಮಿನ ಔಷಧಿ ಕೇಳಿದರೂ ನಿನ್ನ ನೆನಪು. ಇದನ್ನು ಓದಿ ನೀನು ನಗುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಔಷಧಿ ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಪಿಸುಗುಟ್ಟುವವರು. ತಲೆನೋವನ್ನು ಗಟ್ಟಿಯಾಗಿ ಹೇಳುತ್ತಾರೆ, ಸೊಂಟದ ಕೆಳಗಿನದು ಏನಿದ್ದರೂ ಕೌಂಟರಿನ ಮೇಲೆ ಬಗ್ಗಿ ಉಸಿರಿನಲ್ಲಿ ಹೇಳುತ್ತಾರೆ. ಮೊನ್ನೆ ಒಬ್ಬ ದೊಡ್ಡ ಮನುಷ್ಯ ಬಂದ. ಕೋಟು, ಬೂಟು. ಏನೋ ಪಿಸುಗುಟ್ಟಿದ. ನಾನು ‘ಏನು ಬೇಕಿತ್ತು?’ ಅಂದೆ. ಮತ್ತೆ ಪಿಸುಗುಟ್ಟಿದ. ಮತ್ತೆ ಕೇಳಿದೆ. ಮೂರನೆಯ ಸಲಕ್ಕೆ ಅವನು ‘ಮೂಲವ್ಯಾಧಿಗೆ’ ಎಂದು ಕೂಗಿದ, ಸಾಲಿನಲ್ಲಿದ್ದವರೆಲ್ಲ ತಿರುಗಿದರು, ಅವನು ಏನೂ ಕೊಳ್ಳದೆ ನಡೆದೇಬಿಟ್ಟ. ಅವನು ಬಾಗಿಲು ದಾಟಿದ ಮೇಲೆ, ಅವನು ಎರಡನೆಯ ಸಲ ಪಿಸುಗುಟ್ಟಿದ್ದು ಫೋನಿನಲ್ಲಿ ಅಕ್ಷರವಾಗಿ ಮೂಡಿತು: ‘ಸ್ವಲ್ಪ ಮೆಲ್ಲಗೆ ಮಾತಾಡಿ ಸ್ವಾಮಿ.’

ಹಾಗಾಗಿ ನಿನ್ನ ಹೊಸ ಭಾಗದಿಂದ ನನಗೆ ಉಪಯೋಗವಿದೆ. ಮಾಡಿ ಮುಗಿಸಿಯೇ ಬಾ. ಇಲ್ಲಿ ಆತುರವೇನಿಲ್ಲ. ಬಲಗಿವಿ ಗಟ್ಟಿಮುಟ್ಟಾಗಿದೆ. ಅಕ್ಕ ಮಹಡಿಯ ಮನೆಯಿಂದ ಕೂಗಿದರೆ ಕೆಳಗೆ ಅಂಗಡಿಯಲ್ಲಿ ಕೇಳಿಸುತ್ತದೆ. ನನ್ನ ಅಕ್ಕ ಕೂಗಿದರೆ ಯಾರಿಗೆ ತಾನೆ ಕೇಳಿಸುವುದಿಲ್ಲ ಹೇಳು. ಅವಳು ದಿನಾ ನಿನ್ನನ್ನು ಕೇಳುತ್ತಾಳೆ.

ಬೆಚ್ಚಗಿರು. ಎರಡೂ ಕಾಲಿಗೆ ಒಂದೇ ಬಣ್ಣದ ಕಾಲುಚೀಲ ಹಾಕಿಕೊಂಡು ಹೋಗು.

ನಿನ್ನ
ಮಾತ್ರೆರಾಯ


ಮೇ ೨೨, ೨೦೨೨

ಮಾತ್ರೆರಾಯರಿಗೆ,

ತಡವಾಯಿತು. ಇಲ್ಲಿ ಜಾಗದ ಜಗಳ ನಡೆದಿತ್ತು.

ನಮ್ಮ ಚಿಪ್ ಇರುವುದು ಹೆಬ್ಬೆರಳಿನ ಉಗುರಿನಷ್ಟು. ಅದರೊಳಗೆ ಎಲ್ಲರಿಗೂ ಕೋಣೆ ಬೇಕು. ಫೋಟೋ ತೆಗೆಯುವ ಭಾಗದವನನ್ನು ‘ಕ್ಯಾಮೆರಾ’ ಅನ್ನುತ್ತೇವೆ, ಆಟದ ಚಿತ್ರಗಳನ್ನು ಓಡಿಸುವ ಭಾಗದವನು ‘ಆಟ’, ಎಲ್ಲಿ ಎಷ್ಟು ಕಾಯುತ್ತದೆ ಎಂದು ನೋಡುವವಳು ‘ಬಿಸಿ’. ನನ್ನ ಹೆಸರು ‘ಕಿವಿ’. ಅಣ್ಣತಮ್ಮಂದಿರು ಸೈಟು ಹಂಚಿಕೊಳ್ಳುವಾಗ ಹೇಗೋ ಹಾಗೆ ಕೂತು ಕಿತ್ತಾಡಿದೆವು. ಕ್ಯಾಮೆರಾ ಮಹಾಶಯ ಎರಡು ತಲೆಮಾರಿನಿಂದ ಅನುಭವಿಸುತ್ತಿರುವ ಮೂಲೆಯನ್ನು ಬಿಡಲೊಲ್ಲ. ‘ಜನ ಫೋನ್ ಕೊಳ್ಳೋದು ಫೋಟೋಗೆ, ಯಾರೂ ಕಿವಿಗೋಸ್ಕರ ಕೊಳ್ಳಲ್ಲ’ ಅಂದ. ಕೊನೆಗೆ ಬಿಸಿ ನನ್ನ ಪರ ನಿಂತಳು. ಅಂಚಿನಲ್ಲಿ ಒಂದು ಪಟ್ಟಿ ಜಾಗ ಸಿಕ್ಕಿದೆ. ನಮ್ಮ ಸ್ನಾನದ ಮನೆಯಷ್ಟೇ ಇಕ್ಕಟ್ಟು, ಆದರೂ ನನ್ನದು.

ಪ್ರತಿ ತಲೆಮಾರಿನಲ್ಲೂ ಅಷ್ಟು ಹೊಸದೇನು ಮಾಡುತ್ತೀರಿ ಎಂದು ನೀನು ಒಮ್ಮೆ ಕೇಳಿದ್ದೆ. ನಿನ್ನ ಅಂಗಡಿಯ ಗೋಡೆಯ ಗೂಡುಗಳನ್ನು ನೋಡು. ಡಬ್ಬಿಗಳು ಚಿಕ್ಕದಾದರೆ ಅದೇ ಗೋಡೆಗೆ ಇನ್ನಷ್ಟು ಡಬ್ಬಿ ಹಿಡಿಸುತ್ತದೆ, ಕೈ ಚಾಚುವ ದೂರವೂ ಕಡಿಮೆಯಾಗುತ್ತದೆ. ನಾವು ಮಾಡುವುದೂ ಅದೇ. ಕೋಟಿಗಟ್ಟಲೆ ಪುಟ್ಟ ಸ್ವಿಚ್ಚುಗಳು, ಪ್ರತಿ ಸಲ ಇನ್ನಷ್ಟು ಪುಟ್ಟದು. ದೊಡ್ಡ ಕೆಲಸಕ್ಕೆ ದೊಡ್ಡ ಆಳು, ಚಿಲ್ಲರೆ ಕೆಲಸಕ್ಕೆ ಚಿಕ್ಕ ಆಳು ಎಂದು ಒಳಗೇ ಕೆಲಸ ಹಂಚಿರುತ್ತೇವೆ, ಬ್ಯಾಟರಿ ಉಳಿಯಲಿ ಎಂದು. ಒಂದೇ ತೊಂದರೆ, ಸ್ವಿಚ್ಚು ತೀರ ಚಿಕ್ಕದಾದರೆ ಪೂರ್ತಿ ಆರುವುದಿಲ್ಲ. ಏನೂ ಮಾಡದೆ ಕೂತಾಗಲೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಮುಟ್ಟದೆ ಇಟ್ಟ ಫೋನಿನ ಬ್ಯಾಟರಿಯೂ ಬೆಳಿಗ್ಗೆ ಹೊತ್ತಿಗೆ ಇಳಿದಿರುತ್ತದಲ್ಲ, ಅದು ಇದೇ. ಕಾಯುವುದಕ್ಕೂ ಕರೆಂಟು ಬೇಕು ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ.

‘ಆತುರವೇನಿಲ್ಲ’ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಸುಮ್ಮನೆ ಬಾಯಿಮಾತಿಗಾದರೂ ‘ಬೇಗ ಬಾ’ ಅನ್ನಬಹುದಿತ್ತು. ನಾನು ಬರುತ್ತಿರಲಿಲ್ಲ, ಆದರೂ ಅನ್ನಬಹುದಿತ್ತು.

ಗಡಿಬಿಡಿ


ಆಗಸ್ಟ್ ೩, ೨೦೨೨

ಗಡಿಬಿಡಿಗೆ,

ನನ್ನ ಹುಟ್ಟಿದ ದಿನಕ್ಕೆ ನೀನು ಕಳಿಸಿದ ಧ್ವನಿ ಮೆಸೇಜು ಬಂತು. ಉದ್ದವಾಗಿತ್ತು. ಸಂತೋಷವಾಯಿತು. ಇನ್ನು ಮುಂದೆ ಧ್ವನಿ ಬೇಡ, ಬರೆದೇ ಕಳಿಸು. ಬರೆದದ್ದನ್ನು ಬೇಕಾದಾಗ ತೆಗೆದು ಓದಬಹುದು, ಅಂಗಡಿಯಲ್ಲೂ ಓದಬಹುದು. ಬೇಜಾರು ಮಾಡಿಕೊಳ್ಳಬೇಡ.

ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಅದೇ ಹಳೆಯ ಮಾತು, ಹೊಸದೇನಿಲ್ಲ. ಅವನ ಕೋಣೆಯಲ್ಲಿ ಒಂದು ಗಾಜಿನ ಗೂಡು ಇದೆ, ಒಳಗೆ ಕೂರಿಸಿ ಬಾಗಿಲು ಹಾಕುತ್ತಾನೆ, ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ನಾನು ಒಳ್ಳೆಯ ವಿದ್ಯಾರ್ಥಿಯಾಗಿ ಕೂತಿದ್ದೆ. ಗುಂಡಿ ಮಾತ್ರ ಬಹಳ ಗಟ್ಟಿ.

ಸೋರುವುದರ ಬಗ್ಗೆ ಬರೆದಿದ್ದೀಯಲ್ಲ, ಅದನ್ನು ನಿಲ್ಲಿಸುವ ಉಪಾಯ ಇಲ್ಲವೇ? ಸುಮ್ಮನೆ ಕೇಳಿದೆ.

ಕೌಂಟರಿನ ಫೋನು ಮಧ್ಯಾಹ್ನದ ಹೊತ್ತಿಗೆ ಕಾದ ಕಾವಲಿಯಾಗುತ್ತದೆ. ಕಾದ ಮೇಲೆ ಇನ್ನೂ ನಿಧಾನ. ಒದ್ದೆ ಬಟ್ಟೆಯ ಮೇಲೆ ಇಟ್ಟು ಸುಧಾರಿಸುತ್ತೇನೆ. ಜ್ವರ ಬಂದ ಫೋನಿಗೆ ಔಷಧಿ ಅಂಗಡಿಯವನ ಚಿಕಿತ್ಸೆ ಎಂದು ಅಕ್ಕ ಆಡಿಕೊಳ್ಳುತ್ತಾಳೆ.

ಮಾತ್ರೆರಾಯ


ನವೆಂಬರ್ ೬, ೨೦೨೨

ಮಾತ್ರೆರಾಯರಿಗೆ,

ಮೂರು ತಿಂಗಳು ಬರೆಯಲಿಲ್ಲ. ಕೆಲಸವಿತ್ತು ಎಂದರೆ ನಿಜ, ಕೋಪವಿತ್ತು ಎಂದರೆ ಅದೂ ನಿಜ. ಧ್ವನಿ ಬೇಡ ಅಂದೆಯಲ್ಲ. ಮದುವೆಗೆ ಮುಂಚೆ ನಿನ್ನ ದನಿ ಕೇಳುವುದಕ್ಕೇ ಅಂಗಡಿಗೆ ಬಂದು ಬೇಕಿಲ್ಲದ ಮಾತ್ರೆ ಕೊಳ್ಳುತ್ತಿದ್ದವಳು ನಾನು. ನನ್ನದು ನಿನಗೆ ಬೇಡವಾಯಿತು. ಇರಲಿ, ಹೇಳಿಬಿಟ್ಟೆ, ಇನ್ನು ಹೇಳುವುದಿಲ್ಲ.

ನಕ್ಷೆ ಕಾರ್ಖಾನೆಗೆ ಹೋಯಿತು. ಒಮ್ಮೆ ಹೋದರೆ ಮುಗಿಯಿತು, ಒಂದು ಗೆರೆಯನ್ನೂ ತಿದ್ದುವಂತಿಲ್ಲ. ಮುದ್ರೆಯಾಗಿ ಬರಲು ತಿಂಗಳುಗಳು ಬೇಕು. ಹೋಗುವ ದಿನ ಎಲ್ಲರೂ ಮದುಮಗಳನ್ನು ಕಳಿಸಿದವರ ಹಾಗೆ ಮಂಕಾಗಿ ಕೂತಿದ್ದರು.

ನನ್ನ ಪುಟ್ಟ ಕೋಣೆಯಲ್ಲಿ ಏನು ಮಾಡಿದ್ದೇನೆ ಕೇಳು. ಬಾಗಿಲಲ್ಲಿ ಒಬ್ಬ ಕಾವಲುಗಾರ. ಹೆಚ್ಚೂಕಮ್ಮಿ ಏನೂ ತಿನ್ನದೆ ಸದಾ ಎಚ್ಚರವಿರುತ್ತಾನೆ. ಬಂದ ಸದ್ದು ಮಾತೋ ಅಲ್ಲವೋ ಎಂದು ನೋಡಿ, ಗಾಡಿ ಸದ್ದು, ಬಾಗಿಲ ಸದ್ದು, ಕೆಮ್ಮು, ಎಲ್ಲವನ್ನೂ ಹೊರಗೇ ಅಟ್ಟುತ್ತಾನೆ. ಮಾತಾಗಿದ್ದರೆ ಮಾತ್ರ ಒಳಗಿನ ದೊಡ್ಡವರನ್ನು ಎಬ್ಬಿಸುತ್ತಾನೆ. ಒಳಗಿನವರು ಬರೀ ಲೆಕ್ಕ ಹಾಕುವವರು. ಜಾಗ ಸಾಲದ್ದರಿಂದ ಅವರ ಸಂಖ್ಯೆಗಳನ್ನೆಲ್ಲ ಮೋಟು ಮಾಡಿದ್ದೇನೆ, ಉದ್ದನೆಯ ದಶಾಂಶದ ಬಾಲ ಕತ್ತರಿಸಿ. ಎಲ್ಲಿ ಕತ್ತರಿಸಿದರೆ ಮಾತು ಕೆಡುವುದಿಲ್ಲ ಎಂದು ನೋಡಲು ಯಾರಾದರೂ ನಮ್ಮ ಭಾಷೆ ಆಡಬೇಕಲ್ಲ. ಈ ಕಟ್ಟಡದಲ್ಲಿ ನಮ್ಮ ಭಾಷೆಯವಳು ನಾನೊಬ್ಬಳೇ. ಹಾಗಾಗಿ ನಾನೇ ಓದಿದೆ. ಸುದ್ದಿ ಓದಿದೆ, ಮಾತ್ರೆಗಳ ಹೆಸರು ಓದಿದೆ, ಜ್ವರ ಬಂದವರ ಹಾಗೆ ನರಳಿಕೊಂಡು ಓದಿದೆ. ಒಂದೊಂದು ಬಾಲ ಕತ್ತರಿಸಿದಾಗಲೂ ನನ್ನ ದನಿಯನ್ನೇ ಹಾಕಿ ನೋಡಿದೆ. ಒಂದಕ್ಷರ ತಪ್ಪಲಿಲ್ಲ.

ಈಗ ಚಿಪ್ ಬರುವವರೆಗೆ ಕಾಯುವುದು. ವಸಂತದಲ್ಲಿ ಬರುತ್ತದೆ. ಅಲ್ಲಿಯವರೆಗೆ ನನ್ನನ್ನು ಇಲ್ಲಿ ಇಟ್ಟುಕೊಂಡಿರುವುದು ಬರೀ ಶಾಸ್ತ್ರಕ್ಕೆ. ನೀನು ‘ಬಾ’ ಎಂದು ಒಂದು ಮಾತು ಬರೆದರೆ ಬಂದು ಇದ್ದು ಹೋಗುತ್ತೇನೆ. ನಾನಾಗಿ ಬರುವುದಿಲ್ಲ, ನೀನು ಬರೆಯಬೇಕು.

ಗಡಿಬಿಡಿ


ಡಿಸೆಂಬರ್ ೧೧, ೨೦೨೨

ಗಡಿಬಿಡಿಗೆ,

ನಿನ್ನ ದನಿ ಬೇಡವಾಯಿತು ಎಂದು ಬರೆಯಬೇಡ. ಅದನ್ನು ನಾನು ಒಪ್ಪುವುದಿಲ್ಲ. ಎದುರು ಬಂದಾಗ ಜಗಳ ಆಡೋಣ.

ಬಂದು ಇದ್ದು ಹೋಗುವುದು ಬೇಡ. ಬಂದರೆ ಮತ್ತೆ ಕಳಿಸುವುದು ಕಷ್ಟ, ನನಗೂ ಕಷ್ಟ, ಅಕ್ಕನಿಗೂ ಕಷ್ಟ. ಚಿಪ್ ಎದ್ದು ಕೂತ ಮೇಲೆ, ಎಲ್ಲ ಮುಗಿಸಿಕೊಂಡು ಒಂದೇ ಸಲ ಬಾ.

ಅಂಗಡಿ ಚೆನ್ನಾಗಿ ನಡೆದಿದೆ. ಕೌಂಟರಿನ ಮೇಲೆ ಒಂದು ಸ್ಲೇಟು ಇಟ್ಟಿದ್ದೇನೆ. ಪಿಸುಗುಟ್ಟುವವರು ಈಗ ಅದರ ಮೇಲೆ ಬರೆದು, ತೋರಿಸಿ, ತಾವೇ ತೋಳಿನಿಂದ ಒರೆಸಿ ಹೋಗುತ್ತಾರೆ. ಕೋಟಿನ ಮನುಷ್ಯನೂ ಮತ್ತೆ ಬಂದ. ಅವನ ಅಕ್ಷರ ನಮ್ಮ ಡಾಕ್ಟರುಗಳಿಗಿಂತ ಚೆನ್ನಾಗಿದೆ.

ಮನೆಯಲ್ಲಿ ಈಗ ನೆಮ್ಮದಿ. ಹಿತ್ತಲಿನ ನೀರಿನ ಪಂಪು ಬೆಳಗಾದರೆ ಕಿರುಚುತ್ತಿತ್ತಲ್ಲ, ನೀನು ತಲೆದಿಂಬು ಕಿವಿಗೆ ಒತ್ತಿಕೊಂಡು ಅದಕ್ಕೂ ನನಗೂ ಸೇರಿಸಿ ಬೈಯುತ್ತಿದ್ದೆಯಲ್ಲ, ಈಗ ಅದರ ಕಾಟವಿಲ್ಲ. ಬೆಳಗಿನ ನಿದ್ದೆ ಚೆನ್ನಾಗಿ ಬರುತ್ತದೆ.

ಮಾತ್ರೆರಾಯ


ಏಪ್ರಿಲ್ ೩೦, ೨೦೨೩

ಮಾತ್ರೆರಾಯರಿಗೆ,

ಎದ್ದಿತು.

ಕಾರ್ಖಾನೆಯಿಂದ ಚಿಪ್ ಬಂದ ದಿನ ಇಲ್ಲೊಂದು ಪದ್ಧತಿ. ಯಾರ ಭಾಗವೋ ಅವರೇ ಅದಕ್ಕೆ ಮೊದಲ ತುತ್ತು ಕೊಡಬೇಕು. ಕ್ಯಾಮೆರಾ ತನ್ನ ಮಗಳ ಫೋಟೋ ತೆಗೆದ. ಆಟ ಒಂದು ಓಡುವ ಕುದುರೆಯನ್ನು ತೋರಿಸಿದ. ಬಿಸಿ ಅದರ ಮೇಲೆ ಬೆರಳಿಟ್ಟು ‘ತಣ್ಣಗಿದೆ’ ಅಂದಳು. ಆಮೇಲೆ ನನ್ನ ಸರದಿ. ಎಲ್ಲರೂ ಪರದೆಗೆ ಕಣ್ಣು ನೆಟ್ಟು ನಿಂತಿದ್ದರು. ಏನು ಹೇಳಬೇಕೆಂದು ಒಂದು ವಾರದಿಂದ ಯೋಚಿಸಿ ಇಟ್ಟದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಹೇಳಿದೆ, ‘ಕಾಫಿ ಆರಿಹೋಗ್ತಿದೆ, ಬಾರೋ’. ಬಾಯಿ ಮುಚ್ಚುವುದರೊಳಗೆ ಅಕ್ಷರ ಬಂತು. ಚಪ್ಪಾಳೆ ತಟ್ಟಿದರು. ಏನು ಅರ್ಥ ಎಂದು ಮುಖ್ಯಸ್ಥ ಕೇಳಿದ. ನಮ್ಮ ಕಡೆಯ ಗಾದೆ ಎಂದು ಸುಳ್ಳು ಹೇಳಿದೆ. ಅವನು ಬರೆದುಕೊಂಡ.

ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ. ನಿನ್ನನ್ನು ಕರೆದಿದ್ದು ನನಗೇ ಅಷ್ಟು ಸ್ಪಷ್ಟವಾಗಿ ಕಾಣಿಸಿತಲ್ಲ, ಅದಕ್ಕೆ.

ಪಂಪು ರಿಪೇರಿಯಾಗಿದ್ದು ಸಂತೋಷ. ನಾನಿದ್ದಾಗ ಐದು ವರ್ಷ ಗೋಗರೆದೆ, ಕಿವಿಗೇ ಹಾಕಿಕೊಳ್ಳಲಿಲ್ಲ.

ಈ ಚಿಪ್ ಇರುವ ಫೋನು ಅಕ್ಟೋಬರಿನಲ್ಲಿ ಹೊರಬರುತ್ತದೆ. ಮೊದಲ ಪೆಟ್ಟಿಗೆಯಲ್ಲೇ ನಿನಗೊಂದು ಕಳಿಸುತ್ತೇನೆ. ಇನ್ನೊಂದು ವಿಷಯ. ಮುಂದಿನ ತಲೆಮಾರಿನಲ್ಲಿ ನನ್ನ ಕೋಣೆಗೆ ಮೂರರಷ್ಟು ಜಾಗ ಕೊಡುತ್ತಾರಂತೆ. ಕ್ಯಾಮೆರಾನ ಮೂಲೆಯಲ್ಲೇ. ಮೋಟು ಮಾಡಿದ ಬಾಲಗಳನ್ನೆಲ್ಲ ಮತ್ತೆ ಬೆಳೆಸಬಹುದು. ಇನ್ನೂ ಚೆನ್ನಾಗಿ ಕೇಳುತ್ತದೆ. ನೀನು ಏನನ್ನುತ್ತೀಯ?

ಗಡಿಬಿಡಿ


ಜೂನ್ ೨, ೨೦೨೩

ಗಡಿಬಿಡಿಗೆ,

ಮೊದಲು ಈ ತಲೆಮಾರು ಬರಲಿ. ಆಮೇಲೆ ನೋಡೋಣ.

ನನ್ನ ಕಾಫಿಗೆ ಕರೆದದ್ದನ್ನು ಗಾದೆ ಮಾಡಿದ್ದು ಸರಿಯಲ್ಲ. ಅಕ್ಕನಿಗೆ ಓದಿ ಹೇಳಿದೆ, ಅವಳು ಕಣ್ಣು ಒರೆಸಿಕೊಂಡು ಈರುಳ್ಳಿ ಅಂದಳು. ಈರುಳ್ಳಿ ಕೈಯಲ್ಲಿರಲಿಲ್ಲ.

ಮಾತ್ರೆರಾಯ


ಅಕ್ಟೋಬರ್ ೨೨, ೨೦೨೩

ಗಡಿಬಿಡಿಗೆ,

ಫೋನು ಬಂತು. ನೀನು ಹೇಗಾಯಿತು ಹೇಗಾಯಿತು ಎಂದು ಮೆಸೇಜು ಮಾಡುತ್ತಲೇ ಇದ್ದೀಯ, ನಾನು ‘ಚೆನ್ನಾಗಿದೆ’ ಎನ್ನುತ್ತಲೇ ಇದ್ದೇನೆ. ಈಗ ನಿಜ ಬರೆಯುತ್ತೇನೆ, ಕೂತುಕೊಂಡು ಓದು.

ಮೊದಲ ದಿನವೇ ಕೌಂಟರಿನ ಮೇಲೆ ಇಟ್ಟೆ. ಸ್ಲೇಟನ್ನು ಒಳಗಿಟ್ಟೆ. ಒಬ್ಬ ಅಜ್ಜಿ ಬಂದು ಮಾತಾಡಿದಳು, ಹಲ್ಲಿಲ್ಲದ ಬಾಯಿ. ಅಕ್ಷರವೇನೋ ಥಟ್ಟನೆ ಬಂತು, ಬಂದದ್ದು ಮಾತ್ರ ಅರ್ಥವಿಲ್ಲದ್ದು. ಆಮೇಲೆ ಬಂದವನು ಪಿಸುಗುಟ್ಟಿದ, ಪರದೆ ಖಾಲಿ. ನೆಗಡಿಯವರದು ಅರ್ಧಂಬರ್ಧ. ಅಕ್ಕ ಮೈಮೇಲೆ ಬಂದವಳ ಹಾಗೆ ಕೂಗಿದಳು, ನಾಲ್ಕರಲ್ಲಿ ಎರಡು ಮಾತು ಬಂತು. ಅವಳಿಗೆ ಅವಮಾನವಾಗಿ ಊಟ ಬಿಟ್ಟಳು. ಸಂಜೆಗೆ ಸ್ಲೇಟನ್ನು ಮತ್ತೆ ಹೊರಗಿಟ್ಟೆ. ಫೋನಿನ ಮೇಲೆ ಕೋಪ ಬರಲಿಲ್ಲ. ನೀನು ಎರಡು ವರ್ಷ ಕೂತು ಮಾಡಿದ್ದು, ಅದನ್ನು ಬೈಯಲು ಬಾಯಿ ಬರಲಿಲ್ಲ. ನಿನಗೆ ಏನು ಬರೆಯಲಿ ಎಂದೇ ಚಿಂತೆಯಾಯಿತು.

ಹೋದ ಭಾನುವಾರ ಅಂಗಡಿ ಮುಚ್ಚಿತ್ತು. ನನ್ನ ಹಳೆಯ ಫೋನಿನಲ್ಲಿ ನಿನ್ನದೊಂದು ಧ್ವನಿ ಮೆಸೇಜು ಇದೆ, ನೀನು ಹೊರಡುವುದಕ್ಕೆ ಮುಂಚಿನದು. ಅದನ್ನು ಹಾಕಿ, ಹೊಸ ಫೋನನ್ನು ಪಕ್ಕದಲ್ಲಿಟ್ಟೆ. ಸಾಲು ಸಾಲಾಗಿ, ಒಂದು ಒತ್ತೂ ತಪ್ಪದೆ ಬಂತು. ‘ಬರುವಾಗ ಬಲ್ಬ್ ತಗೊಂಡು ಬಾ, ಸ್ನಾನದ ಮನೇದು. ಮರೀಬೇಡ. ಮೊನ್ನೆನೂ ಮರೆತು ಬಂದು ಟಾರ್ಚ್ ಹಿಡ್ಕೊಂಡು ಸ್ನಾನ ಮಾಡ್ದೆ.’ ನಿನ್ನ ಯಂತ್ರಕ್ಕೆ ಈ ಜಗತ್ತಿನಲ್ಲಿ ನಿನ್ನೊಬ್ಬಳ ಮಾತು ಮಾತ್ರ ತಿಳಿಯುತ್ತದೆ. ನೀನೊಬ್ಬಳೇ ಓದಿ ಓದಿ ಸಾಕಿದ್ದಲ್ಲವೇ, ಇನ್ನೇನಾಗುತ್ತದೆ. ಒಂದು ಕಾಲದಲ್ಲಿ ನಾನೂ ಹಾಗೇ ಇದ್ದೆ.

ಅಷ್ಟರಲ್ಲಿ ಅಕ್ಕ ಮಹಡಿಯಿಂದ ಓಡಿ ಬಂದಳು. ಕಿವಿ ಮುಚ್ಚಿಕೊಂಡು, ಕಡಿಮೆ ಮಾಡು ಎಂದು ಕೈಸನ್ನೆ ಮಾಡಿದಳು. ಹಳೆಯ ಫೋನಿನ ಸದ್ದು ತುತ್ತತುದಿಯಲ್ಲಿತ್ತಂತೆ, ಬೀದಿಯವರೆಗೆ ಕೇಳುತ್ತಿತ್ತಂತೆ. ನನಗೆ ಏನೂ ಕೇಳಿಸಿರಲಿಲ್ಲ. ಬಲಗಿವಿಗೆ ಒತ್ತಿ ಹಿಡಿದೆ. ಒಂದು ಗುಂಯ್ ಅನ್ನುವುದು ಇತ್ತು, ಅದು ನೀನಾಗಿರಲಿಲ್ಲ.

ಬಲಗಿವಿಯೂ ಹೋಗುತ್ತಿದೆ ಎಂದು ಡಾಕ್ಟರ್ ಹೇಳಿದ್ದು ಹೋದ ವರ್ಷ, ಆ ಗಾಜಿನ ಗೂಡಿನಲ್ಲಿ ಕೂರಿಸಿದ ದಿನವೇ. ಕಿವಿಗೆ ಹಾಕುವ ಯಂತ್ರವನ್ನೂ ಕೊಟ್ಟ. ಅದರಿಂದ ಸದ್ದು ದೊಡ್ಡದಾಗುತ್ತದೆ, ಮಾತಾಗುವುದಿಲ್ಲ. ನನ್ನ ಹುಟ್ಟಿದ ದಿನದ ಮೆಸೇಜು ನನಗೆ ಅರ್ಧವೂ ತಿಳಿದಿರಲಿಲ್ಲ. ಪಂಪು ರಿಪೇರಿಯಾಗಿಲ್ಲ, ಈಗಲೂ ದಿನಾ ಕಿರುಚುತ್ತದಂತೆ. ಹೇಳಿದ್ದರೆ ನೀನು ನಕ್ಷೆಯನ್ನು ಅರ್ಧಕ್ಕೆ ಬಿಟ್ಟು ಬರುತ್ತಿದ್ದೆ. ಅಷ್ಟು ಜಗಳವಾಡಿ ಗಿಟ್ಟಿಸಿದ ಜಾಗ ಕ್ಯಾಮೆರಾನ ಪಾಲಾಗುತ್ತಿತ್ತು. ಅಕ್ಕನ ಬಾಯಿಯನ್ನೂ ನಾನೇ ಕಟ್ಟಿಹಾಕಿದ್ದೆ. ಪ್ರತಿ ಕಾಗದದಲ್ಲೂ ‘ಬಾ’ ಎಂದು ಬರೆಯಬೇಕು ಅನ್ನಿಸುತ್ತಿತ್ತು. ಬರೆಯುತ್ತಿರಲಿಲ್ಲ.

ಒಂದು ಅನುಮಾನವಿದೆ. ಆ ಬಲ್ಬಿನ ಮೆಸೇಜಿನ ಕೊನೆಯಲ್ಲಿ ನೀನು ನಗುತ್ತೀಯ. ನಾನು ಟಾರ್ಚ್ ಹಿಡಿದು ಸ್ನಾನ ಮಾಡಿದ್ದನ್ನು ನೆನೆದು ನಕ್ಕು ನಕ್ಕು, ಉಸಿರು ಸಿಕ್ಕಿಕೊಂಡು, ಇನ್ನೇನೋ ಹೇಳಲು ಹೋಗಿ ಆಗದೆ ಇಡುತ್ತೀಯ. ನನಗೆ ಚೆನ್ನಾಗಿ ನೆನಪಿದೆ, ನೂರು ಸಲ ಕೇಳಿದ್ದೇನೆ. ಹೊಸ ಫೋನು ಅದನ್ನು ಬರೆಯಲಿಲ್ಲ. ‘ಸ್ನಾನ ಮಾಡ್ದೆ’ ಎಂದು ಬರೆದು, ಚುಕ್ಕಿ ಇಟ್ಟು, ಸುಮ್ಮನಾಯಿತು. ನಗು ಅಲ್ಲಿ ಇನ್ನೂ ಇದೆಯೇ ಎಂದು ಅಕ್ಕನನ್ನು ಕೇಳಿದೆ. ಇದೆ ಎಂದು ತಲೆಯಾಡಿಸಿದಳು.

ಮಾತ್ರೆರಾಯ


ನವೆಂಬರ್ ೫, ೨೦೨೩

ಮಾತ್ರೆರಾಯರಿಗೆ,

ನಿನ್ನ ಕಾಗದ ಓದಿ ಮೊದಲು ಅನ್ನಿಸಿದ್ದು, ನಿನ್ನ ಜೊತೆ ಮಾತು ಬಿಡಬೇಕು ಎಂದು. ಆಮೇಲೆ ನಗು ಬಂತು. ಕಿವುಡನ ಜೊತೆ ಮಾತು ಬಿಟ್ಟರೆ ಯಾರಿಗೆ ನಷ್ಟ? ಆಮೇಲೆ ಅಳುವುದಕ್ಕೆ ಶುರು ಮಾಡಿದವಳು ಮಧ್ಯಾಹ್ನದವರೆಗೆ ನಿಲ್ಲಿಸಲಿಲ್ಲ. ಬಿಸಿ ಬಂದು ಪಕ್ಕದಲ್ಲಿ ಕೂತಳು.

ನಾನು ಇಲ್ಲಿ ಉಳಿದದ್ದು ನಿನಗೋಸ್ಕರ. ನೀನು ಸುಮ್ಮನಿದ್ದದ್ದು ನನಗೋಸ್ಕರ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಎರಡೆರಡು ಬಿಗಿಯಬೇಕು. ನೀನು ಕೇಳಬಲ್ಲವನಾಗಿದ್ದ ಒಂದೂವರೆ ವರ್ಷ ನಾನು ಒಂದು ಗಾಜಿನ ಕೋಣೆಯಲ್ಲಿ ಕೂತು ಯಂತ್ರಕ್ಕೆ ಮಾತಾಡಿದೆ. ಆ ಮಾತಲ್ಲಿ ಒಂದು ದಿನದ್ದಾದರೂ ನಿನಗೆ ಬಂದು ಆಡಿದ್ದರೆ ಆಗುತ್ತಿತ್ತು.

ಅಜ್ಜಿಯ ಮಾತು ಅದಕ್ಕೆ ಯಾಕೆ ತಿಳಿಯಲಿಲ್ಲ ಎಂದು ನೀನೇ ಸರಿಯಾಗಿ ಬರೆದಿದ್ದೀಯ. ನನ್ನ ದನಿಗೆ ಹೊಂದುವ ಹಾಗೆ ಕತ್ತರಿಸಿದ ಅಂಗಿ ಅದು, ಬೇರೆಯವರಿಗೆ ಹಿಡಿಸುವುದಿಲ್ಲ. ನಗು ಯಾಕೆ ಬರಲಿಲ್ಲ ಎಂದರೆ, ಬಾಗಿಲ ಕಾವಲುಗಾರ. ನಗು ಮಾತಲ್ಲ ಎಂದು ಹೊರಗೆ ಅಟ್ಟಿದ. ಕೆಮ್ಮು, ನಿಟ್ಟುಸಿರು, ನಗು ಎಲ್ಲ ಒಂದೇ ಗುಂಪಿಗೆ ಹಾಕಿದವಳು ನಾನೇ. ಅದರಿಂದ ಬ್ಯಾಟರಿ ಬಹಳ ಉಳಿಯಿತು, ನನಗೆ ಶಾಭಾಸ್ ಸಿಕ್ಕಿತ್ತು.

ಮುಖ್ಯಸ್ಥನ ಹತ್ತಿರ ಹೋಗಿ ಕೆಲಸ ಬಿಟ್ಟೆ. ಅವನು ಮೂರರಷ್ಟು ಜಾಗದ ಮಾತು ಎತ್ತಿದ. ‘ಇನ್ನೊಂದು ತಲೆಮಾರು, ಎಲ್ಲ ಸರಿಯಾಗುತ್ತೆ’ ಅಂದ. ಅವನದು ಸುಳ್ಳಲ್ಲ. ಮುಂದಿನದು ಇದಕ್ಕಿಂತ ಚೆನ್ನಾಗಿರುತ್ತದೆ, ಅದರ ಮುಂದಿನದು ಇನ್ನೂ ಚೆನ್ನಾಗಿರುತ್ತದೆ, ಅದಕ್ಕೆ ಕೊನೆಯೇ ಇಲ್ಲ. ನಿನ್ನ ಬಲಗಿವಿಗೆ ಮುಂದಿನ ತಲೆಮಾರು ಇಲ್ಲ ಎಂದು ಅವನಿಗೆ ಹೇಳಿದೆ. ಅರ್ಥವಾಯಿತೋ ಇಲ್ಲವೋ. ನನ್ನ ಕೋಣೆಯನ್ನು ಬಿಸಿಗೆ ಒಪ್ಪಿಸಿದ್ದೇನೆ. ನಿನ್ನ ಅಜ್ಜಿಯಂದಿರ, ನೆಗಡಿಯವರ, ಪಿಸುಗುಟ್ಟುವವರ ದನಿಗಳನ್ನು ಅವರನ್ನೇ ಕೇಳಿ ಅಂಗಡಿಯಿಂದ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಕೋಟಿನ ಮನುಷ್ಯನನ್ನು ಒಪ್ಪಿಸುವುದು ನಿನ್ನ ಕೆಲಸ.

ಡಾಕ್ಟರ ಹತ್ತಿರ ಕೇಳಿಡು, ಬಲಗಿವಿಗೆ ತುಟಿ ತಾಗುವಷ್ಟು ಹತ್ತಿರದಿಂದ, ದಪ್ಪ ದನಿಯಲ್ಲಿ ಆಡಿದರೆ ಏನಾದರೂ ಹೋಗುತ್ತದೆಯೇ ಎಂದು. ಹೋಗಲಿ ಬಿಡಲಿ, ನಾನು ಆಡುತ್ತೇನೆ. ಟಿಕೆಟ್ಟು ಸಿಕ್ಕಿದೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದರೆ, ಬಾಗಿಲು ತಟ್ಟಿದ್ದು ನಿನಗೆ ಕೇಳಿಸದಿದ್ದರೆ, ಅಕ್ಕ ಕೆಳಗಿಳಿದು ಬರುವವರೆಗೆ ಹೊರಗೆ ಕಾಯುತ್ತೇನೆ.

ಗಡಿಬಿಡಿ


ನವೆಂಬರ್ ೨೬, ೨೦೨೩

ಗಡಿಬಿಡಿಗೆ,

ನೀನು ಸ್ನಾನದ ಮನೆಯಲ್ಲಿದ್ದೀಯ. ಅಂಗಡಿ ತೆಗೆಯುವ ಹೊತ್ತಾಯಿತು, ಅದಕ್ಕೆ ಇದನ್ನು ಕಾಫಿ ಲೋಟದ ಕೆಳಗೆ ಇಟ್ಟು ಹೋಗುತ್ತಿದ್ದೇನೆ. ಎದುರೇ ಇರುವವಳಿಗೆ ಕಾಗದ ಯಾಕೆ ಎಂದು ಬೈಯಬೇಡ. ಬಾಯಲ್ಲಿ ಹೇಳಲು ಹೋದರೆ ನನ್ನ ದನಿ ಎಷ್ಟು ದೊಡ್ಡದಾಗುತ್ತದೋ ನನಗೇ ತಿಳಿಯುವುದಿಲ್ಲ, ಅಕ್ಕನಿಗೆ ಕೇಳಿಬಿಡುತ್ತದೆ.

ಬಂದಾಗಿನಿಂದ ನೀನು ನನ್ನ ಬಲಗಿವಿಗೆ ಬಾಯಿಟ್ಟು ಆಡುತ್ತಲೇ ಇದ್ದೀಯ. ಹೆಚ್ಚಿನದು ನನಗೆ ಬರೀ ಬಿಸಿಯುಸಿರು. ನಾನು ಹೂಂಗುಟ್ಟುತ್ತೇನೆ, ನಿನಗೂ ಗೊತ್ತು. ಏನು ಹೇಳಿದೆ ಎಂದು ಆಮೇಲೆ ಫೋನು ನೋಡಿ ತಿಳಿದುಕೊಳ್ಳುತ್ತೇನೆ. ಅದು ಒಂದಕ್ಷರ ತಪ್ಪುವುದಿಲ್ಲ.

ಇವತ್ತು ಬೆಳಿಗ್ಗೆ ಸ್ನಾನದ ಮನೆಯ ಬಲ್ಬು ಹೋಗಿತ್ತು. ನಾನು ಟಾರ್ಚ್ ಹುಡುಕುತ್ತಿದ್ದೆ. ನೀನು ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಗದ್ದ ಊರಿ ನಿಂತೆ, ನಿನ್ನ ಮೈಯೆಲ್ಲ ಅಲುಗಿತು. ಆಗ ನನಗೆ ನಿನ್ನ ನಗು ಕೇಳಿಸಿತು. ಕೊನೆಯಲ್ಲಿ ಉಸಿರು ಸಿಕ್ಕಿಕೊಳ್ಳುತ್ತದಲ್ಲ, ಅದರ ಸಮೇತ. ಫೋನು ಮೇಜಿನ ಮೇಲೇ ಇತ್ತು, ಓಡಿಹೋಗಿ ನೋಡಿದೆ, ಪರದೆಯಲ್ಲಿ ಏನೂ ಇರಲಿಲ್ಲ.

ನಿಜವಾಗಿ ಕೇಳಿಸಿತೋ, ನೆನಪಾಯಿತೋ, ನನಗೆ ಹೇಳಲು ಬರುತ್ತಿಲ್ಲ. ಸಂಜೆ ಬರುವಾಗ ಬಲ್ಬು ತರುವುದಿಲ್ಲ. ಇನ್ನೊಂದು ಸಲ ನಗು, ನೋಡೋಣ.

ಮಾತ್ರೆರಾಯ